ಬೇವಿನ ಹೊಟ್ಟೆಯೊಳಗಿನ ಸಿಮೆಂಟು

ಗಂಗೋತ್ರಿ, ಕೊಟ್ರೇಶ, ಇದನ್ನು ಇಬ್ಬರೂ ಕೂಡಿ ಕುಳಿತು ಓದಿರಿ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವುದು ಬೇಡ. ಹೇಳುವಾಗ ಕೊಟ್ರೇಶ ಅರ್ಧ ಬಿಡುತ್ತಾನೆ, ಗಂಗೋತ್ರಿ ಅರ್ಧ ಸೇರಿಸುತ್ತಾಳೆ.

ಮೊನ್ನೆ ಭಾನುವಾರ ನೀವಿಬ್ಬರೂ ಪಡಸಾಲೆಯಲ್ಲಿ ಫೋನು ಹಿಡಿದು ವಾದ ಮಾಡುತ್ತಿದ್ದಿರಿ. ನಾನು ಕಂಬದ ಹತ್ತಿರ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದೆ. ಗಂಗೋತ್ರಿಗೆ ಮರ ಹತ್ತುವ, ಮರ ನೋಡಿಕೊಳ್ಳುವ ಕೆಲಸವೇ ಬೇಕು ಎಂಬುದು ಈಗ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಯಾವ ತರಬೇತಿಗೆ ಸೇರಬೇಕು ಎಂಬುದಷ್ಟೇ ತಕರಾರು. ಒಂದು ಹೊಸಪೇಟೆಯಲ್ಲಿ, ಹತ್ತು ದಿನದ್ದು. ಕೊನೆಗೆ ಫೋಟೋ ಇರುವ ಪ್ರಮಾಣಪತ್ರ ಕೊಡುತ್ತಾರೆ, ಜೀವಮಾನವಿಡೀ ಮಾನ್ಯ. ಇನ್ನೊಂದು ದೂರದ್ದು, ಆರು ತಿಂಗಳಿನದು. ಸೇರುವ ಮೊದಲೇ ಪ್ರಥಮ ಚಿಕಿತ್ಸೆ ಕಲಿತಿರಬೇಕು, ವೈದ್ಯರ ಕಾಗದ ತರಬೇಕು. ಮುಗಿದ ಮೇಲೆ ಒಂದು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿಯಬೇಕು. ಇಷ್ಟೆಲ್ಲ ಆಗಿ ಕೊಡುವ ಪ್ರಮಾಣಪತ್ರ ಮೂರು ವರ್ಷಕ್ಕೆ ಮುಗಿದುಹೋಗುತ್ತದೆ. ಮತ್ತೆ ಪರೀಕ್ಷೆಗೆ ಕೂರಬೇಕು. ಯಾವುದಾದರೂ ಒಂದಕ್ಕೆ ಮುಂದಿನ ಸೋಮವಾರದೊಳಗೆ ಹೆಸರು ಕೊಡಬೇಕು.

"ಲೇ ಗಂಗಿ, ಮೂರು ವರ್ಷಕ್ಕ ಸಾಯೋ ಸರ್ಟಿಫಿಕೇಟ್ ತಗೊಂಡು ಏನ್ ಮಾಡ್ತೀ? ಇದು ನೋಡು, ಸಾಯೋತನ ನಡಿತೈತಿ," ಎಂದ ಕೊಟ್ರೇಶ.

"ಯಾರು ಸಾಯೋತನ? ಅದಾ, ನಾನಾ?"

"ಅಜ್ಜಿದು ನೋಡಲ್ಲಿ," ಎಂದು ಅವನು ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟ ನನ್ನ ಪ್ರಮಾಣಪತ್ರ ತೋರಿಸಿದ. "ಮೂರಾ ದಿನದ ಟ್ರೈನಿಂಗ್. ಅದರ ಮ್ಯಾಲೆ ಇಡೀ ಸರ್ವೀಸ್ ಮಾಡ್ಯಾಳ. ಹೌದಿಲ್ಲೋ ಅಜ್ಜಿ?"

ನಾನು "ಒಲಿ ಮ್ಯಾಲೆ ಹಾಲು ಐತಿ" ಎಂದು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ನಾಲ್ಕು ಜನರೆದುರು ನನ್ನ ಕೆಲಸದ ಬಗ್ಗೆ ಬಾಯಿಬಿಟ್ಟು ಹೇಳಿಕೊಳ್ಳಲು ನನಗೆ ಬರುವುದಿಲ್ಲ, ಆ ನಾಲ್ಕು ಜನ ನನ್ನ ಮೊಮ್ಮಕ್ಕಳೇ ಆದರೂ. ಬರೆಯಲು ಬರುತ್ತದೆ. ಗುಡೇಕೋಟೆಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಗೋಡೆಯ ಮೇಲಿನ ಆ ಕಾಗದದ ಬಲದಿಂದ ಗಂಗೋತ್ರಿ ಹತ್ತು ದಿನದ ತರಬೇತಿಗೆ ಹೋಗುವುದು ನನಗೆ ಬೇಡ. ಏಕೆ ಎಂದು ಸೋಮವಾರದೊಳಗೆ ಬರೆದು ಮುಗಿಸುತ್ತೇನೆ. ಆಮೇಲೆ ನಿಮ್ಮ ಇಷ್ಟ.

ನನ್ನ ಅಪ್ಪ ಕುರಿ ಕಾಯುತ್ತಿದ್ದ. ಬೇಸಿಗೆಯಲ್ಲಿ ಗುಡ್ಡದಲ್ಲಿ ಹುಲ್ಲು ಮುಗಿದಾಗ ಜಾಲಿ, ಬೇವು, ಬಸರಿ ಮರ ಹತ್ತಿ ಸೊಪ್ಪಿನ ಟೊಂಗೆ ಇಳಿಸಿ ಮರಿಗಳಿಗೆ ಹಾಕಬೇಕಿತ್ತು. ಗಂಡುಮಕ್ಕಳಿಲ್ಲದ ಮನೆ, ಹತ್ತುವವಳು ನಾನು. ಅಪ್ಪನದು ಒಂದು ಕ್ರಮವಿತ್ತು. ನಾಳೆ ಟೊಂಗೆ ಕಡಿಯುವುದಿದ್ದರೆ ಇಂದು ಸಂಜೆಯೇ ಆ ಮರದ ಹತ್ತಿರ ಹೋಗಬೇಕು. ಅಪ್ಪ ಕೊಡಲಿಯ ಬೆನ್ನಿನಿಂದ ಬೊಡ್ಡೆಯನ್ನು ಬುಡದಿಂದ ಎದೆಮಟ್ಟದವರೆಗೆ ಸುತ್ತಲೂ ಮೆಲ್ಲಗೆ ತಟ್ಟುತ್ತಿದ್ದ. ತಟ್ಟುತ್ತ, "ಅವ್ವಾ, ನಾಳಿ ಬರ್ತೀವಿ. ಹೇಳೋದಿದ್ರ ಈಗ ಹೇಳು," ಎನ್ನುತ್ತಿದ್ದ. ಆಮೇಲೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ತುಂಬಿದ ಕೊಡದ ಸದ್ದು ಬಂದರೆ ಮರ ಗಟ್ಟಿ. ಖಾಲಿ ಗುಡಾಣದ ಸದ್ದು ಬಂದರೆ ಒಳಗೆ ಟೊಳ್ಳು. ಆ ಮರಕ್ಕೆ ನನ್ನನ್ನು ಹತ್ತಿಸುತ್ತಿರಲಿಲ್ಲ. ತಟ್ಟಿದಾಗ ಹಕ್ಕಿ ಎದ್ದರೆ ಗೂಡು ಎಲ್ಲಿದೆ ಎಂದು ತಿಳಿಯುತ್ತಿತ್ತು. ಹುಳ ಎದ್ದರೂ ತಿಳಿಯುತ್ತಿತ್ತು. ಇದನ್ನು ನಾವು ದೇವರ ಕೆಲಸ ಎಂದುಕೊಂಡಿದ್ದೆವು. ಅದು ದೇವರ ಕೆಲಸವೂ ಹೌದು, ಪರೀಕ್ಷೆಯೂ ಹೌದು.

ಇನ್ನೊಂದು ಮಾತು ಅಪ್ಪ ಹೇಳಿದ್ದ. ಟೊಂಗೆ ಹುಟ್ಟುವ ಜಾಗದಲ್ಲಿ ಮರದ ಮೈ ಸ್ವಲ್ಪ ಉಬ್ಬಿ ಬಳೆಯಂತೆ ಸುತ್ತಿಕೊಂಡಿರುತ್ತದೆ. "ಬಳಿ ಬಿಟ್ಟು ಕಡಿ. ಬಳಿ ಇದ್ರ ಗಾಯ ತಾನಾ ಮಾಯ್ತೈತಿ. ಮುಂದಿನ ವರ್ಷನೂ ನಾವು ಈ ಗಿಡಕ್ಕಾ ಬರಬೇಕು."

ನಿಮ್ಮಜ್ಜ ಸರ್ಕಾರಿ ತೋಟದಲ್ಲಿ ಕೆಲಸಕ್ಕಿದ್ದರು. ಕಾಮಾಲೆಯಲ್ಲಿ ಹೋದರು. ಅವರ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಯಾವಾಗ ಕಾಯಂ ಆಯಿತು, ಯಾವಾಗ ಏನು ಏರಿತು ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಬೇಕಾದರೆ ನೋಡಿಕೊಳ್ಳಿ. ಮೊದಲ ಎರಡು ವರ್ಷ ನಾನು ಸಸಿಯ ಚೀಲಕ್ಕೆ ಮಣ್ಣು ತುಂಬಿದೆ, ನೀರು ಹಾಕಿದೆ, ತಲೆ ಎತ್ತಲಿಲ್ಲ. ನಮ್ಮ ಮೇಲೆ ಹುಲುಗಪ್ಪ ಮೇಸ್ತ್ರಿ ಇದ್ದ. ಒಳ್ಳೆಯ ಕೆಲಸಗಾರ, ಕೆಟ್ಟ ಬಾಯಿ.

ಒಂದು ದಿನ ದೊಡ್ಡ ಮಾವಿನ ಟೊಂಗೆಯೊಂದು ಸೀಳಿ ಸಸಿಗಳ ಚಪ್ಪರದ ಮೇಲೆ ಜೋತುಬಿದ್ದಿತ್ತು. ಮರ ಹತ್ತುವ ಆಳು ಅಂದು ಬಂದಿರಲಿಲ್ಲ. ಮೇಸ್ತ್ರಿಗೆ ಮೊಣಕಾಲು ನೋವು. ಅವನು ಟೊಂಗೆಯನ್ನೂ ಆಕಾಶವನ್ನೂ ಬೈಯುತ್ತ ನಿಂತಿದ್ದ. ಎಲ್ಲರೂ ಊಟಕ್ಕೆ ಹೋಗುವವರೆಗೆ ಕಾದು, ಕಚ್ಚೆ ಹಾಕಿ ಹತ್ತಿದೆ. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ. ಟೊಂಗೆಗೆ ಹಗ್ಗ ಕಟ್ಟಿ ಇಳಿಸಿ ನಾನು ಇಳಿಯುವಾಗ ನೋಡಿದರೆ ಇಡೀ ತೋಟ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಕೆಳಗೆ ನಿಂತಿತ್ತು.

"ಹೆಂಗಸ್ರು ಹತ್ತಿದ್ರ ಗಿಡ ಒಣಗತೈತಿ ಅಂತಾರವಾ ಪಾಲಮ್ಮ," ಎಂದ ಮೇಸ್ತ್ರಿ.

ನಾನು ಹಗ್ಗ ಸುತ್ತತೊಡಗಿದೆ. ಸಸಿಗೆ ನೀರು ಹಾಕುವ ಮುದುಕಿಯೊಬ್ಬಳು ಹೇಳಿದಳು: "ಹಂಗಾರ ನೀ ಹತ್ತಿದ ಗಿಡ ಎಲ್ಲಾ ಹಸರ ಅದಾವನೋ ಹುಲುಗಪ್ಪ?"

ಮರುದಿನದಿಂದ ನಾನು ಮರದ ಕೆಲಸಕ್ಕೆ ಬಿದ್ದೆ. ನಿಮ್ಮಜ್ಜನ ಎರಡು ಪ್ಯಾಂಟು ಟ್ರಂಕಿನಲ್ಲಿದ್ದವು. ಅವನ್ನು ಸೀರೆಯ ಕೆಳಗೆ ಹಾಕಿಕೊಂಡು ಹತ್ತುತ್ತಿದ್ದೆ. ಶಾಲೆಯ ಮರ, ಆಸ್ಪತ್ರೆಯ ಮರ, ಗುಡಿಯ ಮುಂದಿನ ಆಲ, ರಸ್ತೆ ಬದಿಯ ಹುಣಸೆ, ಯಾವುದರ ಟೊಂಗೆ ತೊಂದರೆ ಕೊಟ್ಟರೂ ನಮ್ಮ ತೋಟಕ್ಕೆ ಹೇಳಿ ಕಳಿಸುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಜೀಪಿನ ಹಿಂದೆ ಹಗ್ಗದ ಸುರುಳಿಯ ಮೇಲೆ ಕುಳಿತು ಹೋಗಿದ್ದೇನೆ. ಇವತ್ತು ನಾನು ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕವೇ ಬೇಕು ಎಂದು ಹಟ ಮಾಡುವುದು ಗಾಳಿಗಲ್ಲ. ನನ್ನ ಮರಗಳು ಹೇಗಿವೆ ಎಂದು ನೋಡಲು.

ಮೇಸ್ತ್ರಿಗೂ ನನಗೂ ಬಳೆಯ ವಿಷಯದಲ್ಲಿ ಸರಿಬರಲಿಲ್ಲ. ಅವನಿಗೆ ಕಡಿದ ಜಾಗ ಬೊಡ್ಡೆಗೆ ಸಮವಾಗಿ ನುಣ್ಣಗಿರಬೇಕು. "ಗಡ್ಡ ತೆಗೆದ ಗಲ್ಲ ಇದ್ದಂಗ ಇರಬೇಕು. ಸಾಹೇಬ್ರು ಕೈ ಆಡಿಸಿದ್ರ ಏನೂ ತಟ್ಟಬಾರದು," ಎನ್ನುತ್ತಿದ್ದ. ಬಳೆಯನ್ನೂ ಸೇರಿಸಿ ಕೊಯ್ದು ಮೇಲೆ ಡಾಂಬರು ಬಳಿಸುತ್ತಿದ್ದ. ಅವನು ಹೇಳಿದಂತೆ ನಾನು ಮಾಡಿದೆ. ಆ ಗಾಯಗಳಲ್ಲಿ ಬಹಳಷ್ಟು ಮಾಯಲೇ ಇಲ್ಲ. ಕೊಟ್ಟೂರು ರಸ್ತೆಯಲ್ಲಿ ಅವುಗಳನ್ನು ಈಗಲೂ ಗುರುತಿಸಬಲ್ಲೆ.

ಅದೇ ರಸ್ತೆಯ ಒಂದು ಹುಣಸೆ ಮರದಲ್ಲಿ ಮೇಸ್ತ್ರಿ ಸಾಯಬೇಕಿತ್ತು. ಮೇಲಿನ ಅಧಿಕಾರಿಗಳು ಬರುವವರಿದ್ದರು, ಅಡ್ಡ ಬಂದ ಟೊಂಗೆ ಅಂದೇ ತೆಗೆಯಬೇಕೆಂದು ಅವಸರ. ಹಿಂದಿನ ಸಂಜೆ ಬಂದು ನೋಡಲು ಹೊತ್ತಿರಲಿಲ್ಲ. ಮೊಣಕಾಲು ಅಂದು ಚೆನ್ನಾಗಿದೆ ಎಂದು ಮೇಸ್ತ್ರಿಯೇ ಹತ್ತಿದ. ಮೂರಾಳು ಎತ್ತರದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲ ಏಟು ಹಾಕಿದ. ಟೊಂಗೆಯ ಪೊಟರೆಯಿಂದ ಕಣಜದ ಹುಳುಗಳು ಹೊಗೆಯಂತೆ ಎದ್ದವು. ಎರಡು ಸಲ ಕೂಗಿದ. ಮೂರನೆಯ ಸಲ ಕೂಗಲಿಲ್ಲ. ಸೊಂಟದ ಹಗ್ಗಕ್ಕೆ ಜೋತುಬಿದ್ದ, ಕೈಕಾಲು ಕೆಳಗೆ.

ಉಳಿದವರು ಹೊಲಕ್ಕೆ ಓಡಿದರು. ಅವರನ್ನು ನಾನು ಬೈಯುವುದಿಲ್ಲ. ಹತ್ತುವುದನ್ನು ಎಲ್ಲರೂ ಕಲಿತಿದ್ದರು, ಮೇಲೆ ಸಿಕ್ಕಿಬಿದ್ದವನನ್ನು ಇಳಿಸುವುದನ್ನು ಯಾರಿಗೂ ಯಾರೂ ಕಲಿಸಿರಲಿಲ್ಲ. ಡ್ರೈವರ್ ಬುಡದಲ್ಲಿ ಹಸಿ ಬೇವಿನ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಮಾಡಿದ. ನಾನು ಜೀಪಿನಲ್ಲಿದ್ದ ಕರಿ ಕಂಬಳಿ ಹೊದ್ದು, ಇನ್ನೊಂದು ಹಗ್ಗ ಹೆಗಲಿಗೆ ಹಾಕಿ ಹತ್ತಿದೆ. ಮೇಸ್ತ್ರಿಯ ಸೊಂಟದ ಗಂಟು ಅವನ ಭಾರಕ್ಕೇ ಬಿಗಿದು ಕಲ್ಲಾಗಿತ್ತು. ಅವನ ಕಂಕುಳ ಕೆಳಗೆ ನನ್ನ ಹಗ್ಗ ಕಟ್ಟಿದೆ. ಅದರ ಇನ್ನೊಂದು ತುದಿಯನ್ನು ಮೇಲಿನ ದಪ್ಪ ಟೊಂಗೆಗೆ ಎರಡು ಸುತ್ತು ಸುತ್ತಿ ಕೈಯಲ್ಲಿ ಹಿಡಿದೆ. ಆಮೇಲೆ ಅವನ ಸೊಂಟದ ಹಗ್ಗ ಕತ್ತರಿಸಿದೆ. ಸುತ್ತು ಹಾಕಿದ ಹಗ್ಗ ಭಾರವನ್ನು ಅರ್ಧ ತಾನೇ ಹಿಡಿಯುತ್ತದೆ, ಬಿಟ್ಟಷ್ಟೇ ಬಿಡುತ್ತದೆ. ಹಾಗೆ ಇಳಿಸಿದೆ. ಗಂಗೋತ್ರಿ, ನೀನು ಚಿಕ್ಕವಳಿದ್ದಾಗ ನನ್ನ ಎಡಗೈ ಹಿಡಿದು "ಅಜ್ಜಿ, ಇಲ್ಲಿ ಗೆರಿನಾ ಇಲ್ಲ" ಎಂದಿದ್ದೆ. ಆ ಗೆರೆಗಳು ಆ ದಿನ ಹಗ್ಗದೊಂದಿಗೆ ಹೋದವು.

ಮೂರನೆಯ ದಿನ ಆಸ್ಪತ್ರೆಗೆ ನೋಡಲು ಹೋದೆ. ಮೇಸ್ತ್ರಿಯ ಮುಖ ಕುಂಬಳಕಾಯಿಯಂತೆ ಊದಿತ್ತು.

"ನನ್ನ ಇಳಿಸಿದ್ದು ಛಲೋ ಆತು ಪಾಲಮ್ಮ," ಎಂದ. "ಆದ್ರ ಟೊಂಗಿ ಇನ್ನಾ ಮ್ಯಾಲೇ ಐತಲ್ಲ."

"ಅದು ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ."

ಆಮೇಲೆ ಕೇಳಿದ: "ಇಳಿಸೋದು ಯಾರು ಕಲಿಸಿದ್ರು ನಿನಗ?"

"ನಮ್ಮೂರ ಬಾವಿರಿ. ಗಾಲಿ ಮುರಿದಾಗ ಹಗ್ಗಾನ ಕಲ್ಲಿಗೆ ಸುತ್ತಿ ಕೊಡ ಇಳಸ್ತಿದ್ವಿ."

ಅವನು ನಕ್ಕ. ನಕ್ಕರೆ ನೋಯುತ್ತದೆ ಎಂದು ನನ್ನನ್ನೇ ಬೈದ. ಅಂದಿನಿಂದ ನನ್ನ ಮೇಲೆ ಕೆಟ್ಟ ಬಾಯಿ ಮಾಡಲಿಲ್ಲ. ಬಳೆ ಕೊಯ್ಯುವುದನ್ನು ಮಾತ್ರ ಬಿಡಲಿಲ್ಲ.

ಗಂಗೋತ್ರಿ, ತರಬೇತಿ ಕೊಡುವವರನ್ನು ನೀನು ಮೊದಲು ಕೇಳಬೇಕಾದದ್ದು ಇದು: ಮೇಲೆ ಎಚ್ಚರ ತಪ್ಪಿದವನನ್ನು ಇಳಿಸುವುದನ್ನು ಎಷ್ಟು ದಿನ ಕಲಿಸುತ್ತೀರಿ, ನನ್ನ ಕೈಯಿಂದ ಎಷ್ಟು ಸಲ ಮಾಡಿಸುತ್ತೀರಿ? ಹತ್ತುವುದನ್ನು ಕೋತಿಯೂ ಕಲಿಸುತ್ತದೆ.

ಈಗ ಗೋಡೆಯ ಮೇಲಿನ ಕಾಗದದ ವಿಷಯ. ಇದನ್ನು ಬರೆಯುವುದನ್ನು ಎರಡು ದಿನ ಮುಂದೂಡಿದೆ.

ಮೇಸ್ತ್ರಿ ನಿವೃತ್ತನಾದ ಮೇಲೆ ನನ್ನನ್ನು ಒಂದು ತರಬೇತಿಗೆ ಕಳಿಸಿದರು. ಮೂರು ದಿನ, ಫ್ಯಾನು ತಿರುಗುವ ದೊಡ್ಡ ಕೋಣೆ, ಗೋಡೆಗೆ ಚಿತ್ರ ಬಿಟ್ಟು ಪಾಠ. ಬಂದವರಲ್ಲಿ ಹೆಂಗಸು ನಾನೊಬ್ಬಳೇ. ಊಟದ ಹೊತ್ತಿಗೆ ಬುತ್ತಿ ತೆಗೆದುಕೊಂಡು ಕಟ್ಟಡದ ಹಿಂದೆ ಹೋಗಿ ಉಣ್ಣುತ್ತಿದ್ದೆ. ಮರದ ಪೊಟರೆಗೆ ಚಿಕಿತ್ಸೆ ಹೇಗೆ ಎಂದು ಅಲ್ಲಿ ಕಲಿಸಿದರು: ಕೊಳೆತದ್ದನ್ನು ಕೆರೆದು ತೆಗೆಯಬೇಕು, ಡಾಂಬರು ಬಳಿಯಬೇಕು, ಇಟ್ಟಿಗೆ ಚೂರು ಮತ್ತು ಸಿಮೆಂಟು ತುಂಬಿ ಹಲ್ಲಿಗೆ ತುಂಬುವ ಹಾಗೆ ಮುಚ್ಚಬೇಕು. ಕಲಿಸಿದವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದ ವಿದ್ಯೆ ಅದೇ ಆಗಿತ್ತು. ಕೊನೆಯ ದಿನ ಎಲ್ಲರ ಹೆಸರು ಕೂಗಿ ಪ್ರಮಾಣಪತ್ರ ಕೊಟ್ಟರು. ಪರೀಕ್ಷೆ ಇರಲಿಲ್ಲ. "ಶ್ರೀಮತಿ ಪಾಲಮ್ಮ" ಎಂದು ಅಚ್ಚಿನಲ್ಲಿ ನನ್ನ ಹೆಸರನ್ನು ನಾನು ಮೊದಲು ನೋಡಿದ್ದು ಅದರಲ್ಲಿ. ಬಸ್ಸಿನಲ್ಲಿ ಇಡೀ ದಾರಿ ಅದು ಮಡಿಕೆ ಬೀಳಬಾರದೆಂದು ಎದೆಗೆ ಹಿಡಿದುಕೊಂಡು ಬಂದೆ.

ಅದಾದ ಕೆಲವೇ ದಿನಕ್ಕೆ ಹೊಳೆಯ ಕಡೆಯ ಒಂದು ಹಳ್ಳಿಯ ಶಾಲೆಯಿಂದ ಕರೆ ಬಂತು. ಊರಿನ ಹೆಸರು ಬೇಡ. ಅಂಗಳದ ಮಧ್ಯೆ ದೊಡ್ಡ ಬೇವು, ಎದೆಮಟ್ಟದಲ್ಲಿ ಪೊಟರೆ. ಮಕ್ಕಳು ಅದರೊಳಗೆ ಗೋಲಿ, ಬಳಪ ಬಚ್ಚಿಡುತ್ತಿದ್ದರು. ಹೆಡ್‌ಮಾಸ್ಟರು ಹರಪನಹಳ್ಳಿ ಕಡೆಯವರು.

"ಪಾಲಮ್ಮೋರೆ, ಇದನ್ನ ಕಡಿಸ್ತಾರಂತೆ," ಎಂದರು. "ನೆರಳು ಹೋದ್ರೆ ಮಕ್ಳು ಎಲ್ಲಿ ಕೂತು ಉಣ್ತಾವೆ? ಏನಾರ ಮಾಡಾಕೆ ಆಗುತ್ತಾ?"

"ಆಗ್ತೈತ್ರಿ," ಎಂದೆ. ಪ್ರಮಾಣಪತ್ರ ನನ್ನ ಬಾಯಿಂದ ಹಾಗೆ ಹೇಳಿಸಿತು.

ಅಂದು ಸಂಜೆಯೇ ಮರ ನೋಡಲು ಹೋಗಿದ್ದೆ. ಅಪ್ಪನ ಕ್ರಮ ಕೈ ಬಿಟ್ಟಿರಲಿಲ್ಲ. ಚೀಲದಿಂದ ಕೊಡಲಿ ತೆಗೆದೆ. ಆಗ ಹೆಡ್‌ಮಾಸ್ಟರು, ಊರಿನ ನಾಲ್ಕು ಹಿರಿಯರು, ನಮ್ಮ ಸಾಹೇಬರು ಎಲ್ಲರೂ ನನ್ನ ಸುತ್ತ ಬಂದು ನಿಂತರು. ತರಬೇತಿ ಆದವಳು ಏನು ಮಾಡುತ್ತಾಳೆ ನೋಡೋಣ ಎಂದು. ಇವರೆಲ್ಲರ ಮುಂದೆ ಮರವನ್ನು ತಟ್ಟಿ ಅವ್ವಾ ಎಂದು ಮಾತಾಡಿಸಿದರೆ ನಕ್ಕಾರು, ಕುರಿ ಕಾಯುವವರ ಮಗಳು ಎಂದಾರು ಎನಿಸಿತು. ಮೂರು ದಿನದ ಪಾಠದಲ್ಲಿ ತಟ್ಟಿರಿ ಎಂದು ಯಾರೂ ಹೇಳಿರಲಿಲ್ಲ. ಕೊಡಲಿಯನ್ನು ಚೀಲಕ್ಕೆ ಹಾಕಿದೆ. ಅಷ್ಟೇ ನಾನು ಮಾಡಿದ ತಪ್ಪು. ಮಾತಾಡುವುದನ್ನು ಬಿಟ್ಟು ತಟ್ಟಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎರಡೂ ನನಗೆ ಒಂದೇ ಕೆಲಸವಾಗಿದ್ದವು, ಒಂದನ್ನು ಬಿಟ್ಟರೆ ಇನ್ನೊಂದೂ ಹೋಯಿತು.

ಮರುದಿನ ಕಲಿತಂತೆ ಕೆರೆದೆ, ಬಳಿದೆ, ತುಂಬಿದೆ. ಕರಣೆಯಿಂದ ನುಣ್ಣಗೆ ಮಾಡಿದೆ. ಸಾಹೇಬರು ಫೋಟೋ ತೆಗೆಸಿದರು. ಮಕ್ಕಳು ಹಸಿ ಸಿಮೆಂಟಿನ ಮೇಲೆ ಬೆರಳಿನಿಂದ ಹೆಸರು ಬರೆದರು.

ನಾಲ್ಕು ಮಳೆಗಾಲ ಕಳೆದವು. ಐದನೆಯ ಮುಂಗಾರಿಗೆ ಮೊದಲು, ಒಂದು ಭಾನುವಾರ ಮಧ್ಯಾಹ್ನ ಗಾಳಿ ಎದ್ದು ಆ ಬೇವು ಸೀಳಿ ಬಿತ್ತು. ನಾನು ಹೋದಾಗ ಮರ ಎರಡು ಹೋಳಾಗಿ ಅಂಗಳದ ಎರಡೂ ಕಡೆ ಬಿದ್ದಿತ್ತು. ನಡುವೆ ನನ್ನ ಸಿಮೆಂಟು ಮಾತ್ರ ನೆಟ್ಟಗೆ ನಿಂತಿತ್ತು. ಒಂದು ಚೂರೂ ಒಡೆದಿರಲಿಲ್ಲ. ಅದರ ಸುತ್ತಲಿನ ಮರ ರಾಗಿ ಹಿಟ್ಟಿನಂತೆ ಉದುರುತ್ತಿತ್ತು. ಸಿಮೆಂಟು ಒಳಗಿನ ನೀರನ್ನು ಹೊರಗೆ ಹೋಗಲು ಬಿಡದೆ ಹಿಡಿದಿಟ್ಟು ಕೊಳೆಸಿತ್ತು. ಗಾಳಿಗೆ ಮರ ಬಾಗಿದಾಗ ತಾನು ಬಾಗದೆ ಸೀಳಿತ್ತು. ಬಿದ್ದ ಬೊಡ್ಡೆಯನ್ನು ಕೊಡಲಿಯ ಬೆನ್ನಿನಿಂದ ತಟ್ಟಿದೆ. ಬೇರಿನವರೆಗೂ ಖಾಲಿ ಗುಡಾಣದ ಸದ್ದು. ನಾಲ್ಕು ವರ್ಷದ ಹಿಂದೆ ಆ ಸಂಜೆ ತಟ್ಟಿದ್ದರೆ ಟೊಳ್ಳು ಎಷ್ಟು ಆಳ ಇದೆ ಎಂದು ಅದು ಆಗಲೇ ಹೇಳುತ್ತಿತ್ತು. ತಲೆಯ ಭಾರ ಇಳಿಸಿ, ಮಕ್ಕಳನ್ನು ಬೇರೆ ಕಡೆ ಕೂರಿಸಿರಿ ಎನ್ನುತ್ತಿದ್ದೆ.

ಹೆಡ್‌ಮಾಸ್ಟರು ನನ್ನನ್ನು ಬೈಯಲಿಲ್ಲ. "ಭಾನುವಾರ ಆಗಿದ್ದಕ್ಕೆ ಉಳಕಂಡ್ವು, ಪಾಲಮ್ಮೋರೆ," ಎಂದರು. "ಇಲ್ಲೇ ಕೂತು ಉಣ್ತಿದ್ವು." ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು.

ಆ ಸಿಮೆಂಟಿನ ಗಡ್ಡೆಯನ್ನು ಜೀಪಿಗೆ ಹಾಕಿಸಿಕೊಂಡು ಇಲ್ಲಿಗೆ, ತಂಬ್ರಹಳ್ಳಿಯ ಮನೆಗೆ ತಂದೆ. ನಮ್ಮ ಹಿತ್ತಲಲ್ಲಿ ಬಚ್ಚಲ ಪಕ್ಕ ಇರುವುದು ಅದೇ. ನೀವಿಬ್ಬರೂ ಚಿಕ್ಕಂದಿನಲ್ಲಿ ಕುದುರೆ ಎಂದು ಹತ್ತಿ ಕುಳಿತು ಜಗಳವಾಡಿದ್ದು ಅದರ ಮೇಲೆಯೇ. ಅದರ ಒಂದು ಬದಿಯಲ್ಲಿರುವ ಗೀರುಗಳು ಆ ಶಾಲೆಯ ಮಕ್ಕಳ ಹೆಸರು. ನನ್ನ ಮಗ, ಅಂದರೆ ಕೊಟ್ರೇಶನ ಅಪ್ಪ, ಅದೇ ವರ್ಷ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪ್ರೀತಿಯಿಂದ ತಂದು ಗೋಡೆಗೆ ಹಾಕಿದ. ತೆಗಿ ಎನ್ನಲು ನಾಚಿಕೆಯಾಯಿತು. ಏಕೆ ಎಂದು ಹೇಳಬೇಕಾಗುತ್ತಿತ್ತಲ್ಲ. ಇಷ್ಟು ವರ್ಷ ಅದು ಅಲ್ಲಿಯೇ ಉಳಿಯಿತು.

ಕೊಟ್ರೇಶ, ಆ ಕಟ್ಟನ್ನು ಹತ್ತಿರ ಹೋಗಿ ಓದು. ಅದರಲ್ಲಿ ಎಲ್ಲಿಯೂ ಅವಧಿ ಇಲ್ಲ. ನೀನು ಹೇಳುವ ಜೀವಮಾನದ ಕಾಗದ ಅದೇ. ಪೊಟರೆಗೆ ಸಿಮೆಂಟು ತುಂಬುವುದು ತಪ್ಪು, ಹಾಗೆಯೇ ಬಿಡಬೇಕು ಎಂದು ತಿಳಿದವರು ಹೇಳಲು ಶುರುಮಾಡಿದ ಮೇಲೂ ಯಾರೂ ನನ್ನನ್ನು ಹುಡುಕಿಕೊಂಡು ಬಂದು, "ಪಾಲಮ್ಮ, ನಾವು ಕಲಿಸಿದ್ದು ಈಗ ನಡೆಯುವುದಿಲ್ಲ" ಎನ್ನಲಿಲ್ಲ. ಆ ಬೇವು ಬಿದ್ದು ನನಗೆ ಹೇಳಿತು. ಮೂರು ವರ್ಷಕ್ಕೊಮ್ಮೆ ನನ್ನನ್ನು ಮತ್ತೆ ಪರೀಕ್ಷೆಗೆ ಕೂರಿಸುವವರು ಇದ್ದಿದ್ದರೆ ಅದು ಬೀಳುವ ಮೊದಲೇ ತಿಳಿಯುತ್ತಿತ್ತು.

ನಿವೃತ್ತಿಗೆ ಕೆಲವು ವರ್ಷ ಇರುವಾಗ ಇನ್ನೊಂದು ಪರೀಕ್ಷೆ ಬಂತು. ಕೆಲಸ ಗೊತ್ತಿದ್ದು ಕಾಗದ ಇಲ್ಲದವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ ಎಂದರು. ಇದು ಕೋಣೆಯಲ್ಲಿ ಅಲ್ಲ, ಮರದ ಕೆಳಗೆ. ಪರೀಕ್ಷೆ ಮಾಡಲು ಬಂದವರು ಒಬ್ಬ ಮೇಡಂ, ನನ್ನ ಮಗಳ ವಯಸ್ಸು, ತಲೆಗೆ ಹೆಲ್ಮೆಟ್ಟು. ಕೈ ನೋಡಿದೆ, ಹಗ್ಗ ಹಿಡಿದು ಗಟ್ಟಿಯಾದ ಕೈ. ಅಷ್ಟಕ್ಕೇ ನನಗೆ ಧೈರ್ಯ ಬಂತು. ಅವರು ಚೀಲದಿಂದ ಒಂದು ಮರದ ಸುತ್ತಿಗೆ ತೆಗೆದು ಎತ್ತಿ ಹಿಡಿದರು.

"ಇದು ಯಾಕೆ ಅಂತ ಯಾರಿಗಾದ್ರೂ ಗೊತ್ತಾ?"

"ಗೂಟ ಹೊಡ್ಯಾಕ್ರಿ," ಎಂದ ಮುಂದಿನ ಸಾಲಿನವನೊಬ್ಬ. ಎಲ್ಲರೂ ನಕ್ಕರು.

ನಾನು ಹಿಂದೆ ನಿಂತಿದ್ದೆ. ಆ ಶಾಲೆಯ ಅಂಗಳದಲ್ಲಿ ಚೀಲಕ್ಕೆ ಹಾಕಿದ ಕೊಡಲಿ ನೆನಪಾಯಿತು. ಮುಂದೆ ಹೋಗಿ ಸುತ್ತಿಗೆ ಇಸಿದುಕೊಂಡು ಬಸರಿ ಮರದ ಬೊಡ್ಡೆಯನ್ನು ಬುಡದಿಂದ ಸುತ್ತಲೂ ತಟ್ಟಿದೆ. ಕೈ ತಟ್ಟಿದರೆ ಬಾಯಿ ಸುಮ್ಮನಿರಬೇಕಲ್ಲ. "ಅವ್ವಾ, ನಾಳಿ ಬರ್ತೀವಿ. ಹೇಳೋದಿದ್ರ ಈಗ ಹೇಳು," ಎಂದೇ ಬಿಟ್ಟೆ. ಹಿಂದಿನಿಂದ ಮತ್ತೆ ನಗು. ಮೇಡಂ ನಗಲಿಲ್ಲ.

"ಏನು ಹೇಳ್ತು?" ಎಂದು ಕೇಳಿದರು.

"ಈ ಕಡಿ ಮೊಣಕಾಲಿನಿಂದ ಸೊಂಟದ ಮಟ ಟೊಳ್ಳು ಐತ್ರಿ. ಆ ಕಡಿ ಗಟ್ಟಿ ಐತಿ. ಹತ್ತೋದಿದ್ರ ಆ ಕಡಿಯಿಂದ ಹತ್ತಬೇಕು, ಹಗ್ಗ ಈ ಟೊಂಗಿಗೆ ಹಾಕಬಾರದು."

ಅವರು ತಾವೇ ಸುತ್ತಿಗೆ ತೆಗೆದುಕೊಂಡು ನಾನು ತಟ್ಟಿದಲ್ಲೆಲ್ಲ ತಟ್ಟಿದರು. ಆಮೇಲೆ ಟೊಂಗೆ ಎಲ್ಲಿ ಕೊಯ್ಯುತ್ತೀರಿ ಎಂದು ಕೇಳಿದರು. ಬಳೆ ತೋರಿಸಿದೆ.

"ಇದಕ್ಕೆ ನಾವು ಕಾಲರ್ ಅಂತೀವಿ. ನೀವು?"

"ಬಳಿ ಅಂತೀವ್ರಿ."

"ಯಾರು ಹೇಳಿಕೊಟ್ಟರು?"

"ನಮ್ಮಪ್ಪರಿ. ಕುರಿ ಕಾಯ್ತಿದ್ದ." ಈ ಸಲ ಹೇಳಲು ನಾಚಿಕೆಯಾಗಲಿಲ್ಲ.

"ಇದನ್ನ ಕಲಿಯೋಕೆ ನಾನು ಬಹಳ ದೂರ ಹೋಗಿದ್ದೆ," ಎಂದರು ಮೇಡಂ, ಎಲ್ಲರಿಗೂ ಕೇಳುವ ಹಾಗೆ.

ಆ ದಿನ ನಾನು ಪಾಸಾದೆ ಎಂದುಕೊಂಡಿರಾ? ಇಲ್ಲ. ಮಧ್ಯಾಹ್ನ ಹತ್ತುವ ಪರೀಕ್ಷೆಯಲ್ಲಿ ಫೇಲಾದೆ. ಗರಗಸ ಆಡಿಸುವಾಗ ಒಂದಲ್ಲ, ಎರಡು ಹಗ್ಗಕ್ಕೆ ಮೈ ಕಟ್ಟಿಕೊಂಡಿರಬೇಕು; ಒಂದು ತುಂಡಾದರೆ ಇನ್ನೊಂದು ಹಿಡಿಯಬೇಕು. ಇಷ್ಟು ವರ್ಷ ಒಂದರಲ್ಲೇ ಮಾಡಿದವಳು ನಾನು, ಅಂದೂ ಹಾಗೆಯೇ ಮಾಡಿದೆ. ಮೇಡಂ ಬೆಳಿಗ್ಗೆ ಅಷ್ಟು ಹೊಗಳಿದವರು ಸಂಜೆ, "ಅಮ್ಮ, ನಿಮ್ಮನ್ನ ಪಾಸು ಮಾಡೋಕೆ ಆಗಲ್ಲ. ಇದನ್ನ ಕಲಿತು ಬನ್ನಿ," ಎಂದರು. ನಾನು ಅತ್ತದ್ದು ನಿಜ. ಆದರೆ ಮೂರು ತಿಂಗಳು ತೋಟದ ಮಾವಿನ ಮರದಲ್ಲಿ ಎರಡನೆಯ ಹಗ್ಗ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ ಮತ್ತೆ ಹೋದೆ. ಪಾಸಾದೆ. ಮುಂದಿನ ವರ್ಷವೇ ಹಡಗಲಿಯಲ್ಲಿ ಒಂದು ಬೇವಿನ ಮೇಲೆ ಗರಗಸ ಜಾರಿ ನನ್ನ ಒಂದು ಹಗ್ಗ ತುಂಡಾಯಿತು. ಎರಡನೆಯದು ಹಿಡಿಯಿತು. ನೀವು ಈ ಹಾಳೆ ಓದುತ್ತಿರುವುದು ಆ ಎರಡನೆಯ ಹಗ್ಗದಿಂದ, ಆ ಮೇಡಂ ನನ್ನನ್ನು ಫೇಲು ಮಾಡಿದ್ದರಿಂದ.

ಆ ಪ್ರಮಾಣಪತ್ರ ನೀವು ನೋಡಿಲ್ಲ. ಟ್ರಂಕಿನಲ್ಲಿ ನಿಮ್ಮಜ್ಜನ ಪ್ಯಾಂಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿದೆ. ಅದರ ಅವಧಿ ನಾನು ನಿವೃತ್ತಳಾದ ಮೇಲೆ ಮುಗಿಯಿತು. ಮುಗಿದುಹೋದ ಆ ಕಾಗದವೇ ನನ್ನ ನಿಜವಾದ ಹೆಮ್ಮೆ.

ನಿನ್ನೆ ಗಂಗೋತ್ರಿ ಹೊಸಪೇಟೆಗೆ ಹೋಗಿ ಹತ್ತು ದಿನದ ತರಬೇತಿಯ ಜಾಗ ನೋಡಿ ಬಂದಳು. ಹಿತ್ತಲಲ್ಲಿ ಆ ಸಿಮೆಂಟಿನ ಮೇಲೆ ಕುಳಿತು ಹೇಳಿದಳು: "ಅಜ್ಜಿ, ಗಿಡ ಎಲ್ಲೈತ್ರಿ ಅಂತ ಕೇಳಿದೆ. ಪರದಿ ಮ್ಯಾಲೆ ತೋರಸ್ತೀವಮ್ಮ ಅಂದ್ರು."

"ಮತ್ತ ಆ ದೂರದ್ದು?"

"ಫೋನ್ ಮಾಡಿ ಕೇಳಿದೆ. ಅದರಾಗ ಬಾಳ ಮಂದಿ ಫೇಲ್ ಆಗ್ತಾರಂತ."

"ಹಂಗಾರ ಛಲೋ ಐತಿ," ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಕೊಟ್ರೇಶ ಬಾಗಿಲಲ್ಲಿ ನಿಂತು, "ಫೇಲ್ ಆಗಾಕ ಅಷ್ಟು ದೂರ ಯಾಕ ಹೋಗಬೇಕು, ಇಲ್ಲೇ ಆಗಬೌದು," ಎಂದ. ಆದರೂ ಪ್ರಥಮ ಚಿಕಿತ್ಸೆಯ ತರಬೇತಿ ಹತ್ತಿರದಲ್ಲಿ ಎಲ್ಲಿದೆ ಎಂದು ಅವನೇ ಹುಡುಕುತ್ತಿದ್ದ. ನಾನು ನೋಡಿದೆ.

ಇವತ್ತು ಭಾನುವಾರ. ನಾಳೆ ಹೆಸರು ಕೊಡಬೇಕು. ಬೆಳಿಗ್ಗೆ ಗೋಡೆಯ ಮೇಲಿನ ಕಟ್ಟನ್ನು ನಾನೇ ಇಳಿಸಿದೆ. ಮೊಳೆಯನ್ನು ಬಿಟ್ಟಿದ್ದೇನೆ, ಮೂರು ವರ್ಷಕ್ಕೊಮ್ಮೆ ಹೊಸದನ್ನು ಹಾಕಲು ಬೇಕಾಗುತ್ತದೆ. ಹಳೆಯದನ್ನು ಎಸೆಯಬೇಡಿ. ಹಿತ್ತಲಿನ ಗಡ್ಡೆಯನ್ನೂ ಯಾರಿಗೂ ಕೊಡಬೇಡಿ.

ಈ ಹಾಳೆಗಳನ್ನು ಟ್ರಂಕಿನ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಪ್ರಮಾಣಪತ್ರದ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ, ನೀರು ತಾಗದಂತೆ, ಗೆದ್ದಲು ಮುಟ್ಟದಂತೆ. ಆದರೆ ಇವುಗಳನ್ನೂ ಜೀವಮಾನಕ್ಕೆ ಎಂದು ನಂಬಬೇಡಿ. ನಾನು ಸರಿ ಎಂದು ಬರೆದದ್ದರಲ್ಲಿ ಯಾವುದಾದರೂ ಮುಂದೆ ತಪ್ಪೆಂದು ತಿಳಿದರೆ, ಗಂಗೋತ್ರಿ, ಅಳಿಸಬೇಡ, ಪಕ್ಕದಲ್ಲಿ ಸರಿಯಾದದ್ದನ್ನು ಬರೆ. ಅದಕ್ಕೇ ಪ್ರತಿ ಹಾಳೆಯ ಬಲಗಡೆ ಮೂರು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ.